ಬಿಪಿ ಇರುವವರು ಚೈನೀಸ್ ತಿನ್ನಬಹುದಾ? ಅಜಿನೊಮೊಟೊ ಬಿಡಿ, ಸೋಯಾ ಸಾಸ್ ಕಡೆ ನೋಡಿ

ಪ್ರಶ್ನೆ: ಮೇಡಂ, ನಾವು ಮಂಡ್ಯದವರು. ತಿಂಗಳಿಗೆ ಎರಡು ಭಾನುವಾರವಾದರೂ ಮೈಸೂರಿಗೆ ಬರುತ್ತೇವೆ. ಕೆಲಸ ಮುಗಿದ ಮೇಲೆ ಮಕ್ಕಳಿಗೆ ಚೈನೀಸ್ ಹೋಟೆಲೇ ಆಗಬೇಕು. ನಮ್ಮ ಯಜಮಾನರಿಗೆ 48 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಈಚೆಗೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 6.1 ಬಂದಿದೆ, ಶುಗರ್ ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ್ದಾರೆ. ಅತ್ತೆಗೆ 72 ವರ್ಷ. ಮಾಂಸ, ಮೊಟ್ಟೆ ಬಿಟ್ಟು ಬಹಳ ವರ್ಷವಾಯಿತು. ಅವರಿಗೆ ಕಿಡ್ನಿ ಸ್ವಲ್ಪ ವೀಕ್ ಇದೆ. ಅಜಿನೊಮೊಟೊ ವಿಷ, ಬಿಪಿ ಇರುವವರು ಅದರ ಹತ್ತಿರವೂ ಹೋಗಬಾರದು ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಮಗ ಸೆಕೆಂಡ್ ಪಿಯು, ಮಗಳು ಎಂಟನೇ ಕ್ಲಾಸು. ಇಬ್ಬರೂ ಕೇಳುವುದಿಲ್ಲ. ಚೈನೀಸ್ ಪೂರ್ತಿ ಬಿಡಬೇಕಾ? ಬಿಡದೆ ಹೋದರೆ ಏನು ಆರ್ಡರ್ ಮಾಡಬೇಕು? ಅತ್ತೆಗೆ ಏನು ಕೊಡಿಸಬೇಕು?

ಉತ್ತರ: ಪೂರ್ತಿ ಬಿಡಬೇಕಾಗಿಲ್ಲ. ಹದಿನೈದು ದಿನಕ್ಕೊಂದು ಹೋಟೆಲ್ ಊಟದಿಂದ ಯಾರ ಆರೋಗ್ಯವೂ ಹಾಳಾಗುವುದಿಲ್ಲ. ಆದರೆ ನಿಮ್ಮ ಯಜಮಾನರಿಗೆ ಆ ಒಂದೇ ಊಟದಲ್ಲಿ ಎರಡು ದಿನದ ಉಪ್ಪು ಹೊಟ್ಟೆಗೆ ಹೋಗಬಹುದು. ಅದೂ ಉಪ್ಪು ಎಂದು ನಾಲಿಗೆಗೆ ಗೊತ್ತಾಗದ ಹಾಗೆ. ಪಕ್ಕದ ಮನೆಯವರು ಹೆದರಬೇಕಾದ್ದಕ್ಕೆ ಹೆದರದೆ ಬೇರೆ ಯಾವುದಕ್ಕೋ ಹೆದರುತ್ತಿದ್ದಾರೆ. ಮೊದಲು ಆ ವಿಷಯ ಮುಗಿಸೋಣ.

ಅಜಿನೊಮೊಟೊ ಎಂಬುದು ಒಂದು ಕಂಪನಿಯ ಹೆಸರು. ವಸ್ತುವಿನ ಹೆಸರು ಮೊನೊಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ ಕೊಂಬು ಎಂಬ ಸಮುದ್ರದ ಪಾಚಿಯ ಸಾರಿನ ರುಚಿ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಅದು ಗ್ಲುಟಮೇಟ್‌ನಿಂದ ಎಂದು ಗೊತ್ತಾಯಿತು. ಮರುವರ್ಷವೇ ಪುಡಿಯಾಗಿ ಅಂಗಡಿಗೆ ಬಂತು. ಇದೇ ಗ್ಲುಟಮೇಟ್ ನಮ್ಮ ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ಚೀಸ್‌ನಲ್ಲಿದೆ. ತಾಯಿಯ ಎದೆಹಾಲಿನಲ್ಲೂ ಇದೆ. ಪುಡಿಯಿಂದ ಬಂದದ್ದು ಯಾವುದು, ಟೊಮೆಟೊದಿಂದ ಬಂದದ್ದು ಯಾವುದು ಎಂದು ದೇಹಕ್ಕೆ ಬೇರೆ ಮಾಡಲು ಬರುವುದಿಲ್ಲ.

ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು? 1968ರಲ್ಲಿ ಅಮೆರಿಕದಲ್ಲಿದ್ದ ಒಬ್ಬ ಚೀನಿ ಮೂಲದ ವೈದ್ಯರು ಅಲ್ಲಿನ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಚೈನೀಸ್ ಹೋಟೆಲಿನಲ್ಲಿ ತಿಂದ ಮೇಲೆ ಕುತ್ತಿಗೆ ಹಿಂದೆ ಜೋಮು ಹಿಡಿಯುತ್ತದೆ, ಎದೆ ಬಡಿತ ಜಾಸ್ತಿಯಾಗುತ್ತದೆ ಎಂದರು. ಕಾರಣ ಸೋಯಾ ಸಾಸ್ ಇರಬಹುದು, ಅಡುಗೆಯ ವೈನ್ ಇರಬಹುದು, ಗ್ಲುಟಮೇಟ್ ಇರಬಹುದು, ಜಾಸ್ತಿ ಉಪ್ಪೂ ಇರಬಹುದು ಎಂದು ನಾಲ್ಕೈದು ಊಹೆ ಮಾಡಿದರು. ಜನಕ್ಕೆ ಉಳಿದದ್ದೆಲ್ಲ ಮರೆತುಹೋಯಿತು, ಗ್ಲುಟಮೇಟ್ ಒಂದು ನೆನಪಿನಲ್ಲಿ ಉಳಿಯಿತು. ಆಮೇಲೆ ಎಷ್ಟೋ ಪರೀಕ್ಷೆಗಳಾದವು. ಯಾರಿಗೆ ಏನು ಕೊಟ್ಟಿದ್ದಾರೆ ಎಂದು ತಿನ್ನುವವರಿಗೂ ಕೊಡುವವರಿಗೂ ಗೊತ್ತಿಲ್ಲದಂತೆ ಕೊಟ್ಟಾಗ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಊಟವಿಲ್ಲದೆ ಖಾಲಿ ಹೊಟ್ಟೆಗೆ ಮೂರು ಗ್ರಾಂಗಿಂತ ಜಾಸ್ತಿ ಕೊಟ್ಟಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಜೋಮು ಕಾಣಿಸಿಕೊಂಡದ್ದು ನಿಜ. ಸಾಮಾನ್ಯ ಊಟದಲ್ಲಿ ಅಷ್ಟು ಹೊಟ್ಟೆಗೆ ಹೋಗುವುದು ಅಪರೂಪ. ನಿಮ್ಮ ಮನೆಯಲ್ಲಿ ಯಾರಿಗಾದರೂ ಪ್ರತಿ ಸಲವೂ ತಲೆನೋವು ಬರುತ್ತಿದ್ದರೆ 'ಅಜಿನೊಮೊಟೊ ಹಾಕಬೇಡಿ' ಎಂದು ಹೇಳಿ, ಮುಗಿಯಿತು. ನಮ್ಮ ದೇಶದ ನಿಯಮದಲ್ಲಿ ಇದನ್ನು ಒಂದು ವರ್ಷದೊಳಗಿನ ಮಗುವಿಗೆ ಕೊಡಬಾರದು ಎಂದಿದೆ. ಅದನ್ನು ಪಾಲಿಸಿ.

ಈಗ ಬಿಪಿಗೆ ಸಂಬಂಧಪಟ್ಟ ಲೆಕ್ಕ. ಬಿಪಿ ಏರಿಸುವುದು ಸೋಡಿಯಂ. ಒಂದು ಗ್ರಾಂ ಅಜಿನೊಮೊಟೊದಲ್ಲಿ ಸುಮಾರು 120 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 390. ಅಂದರೆ ಮೂರು ಪಟ್ಟಿಗೂ ಜಾಸ್ತಿ. 'ನಮ್ಮಲ್ಲಿ ಅಜಿನೊಮೊಟೊ ಹಾಕುವುದಿಲ್ಲ' ಎಂದು ಬೋರ್ಡ್ ಹಾಕಿಕೊಂಡ ಹೋಟೆಲುಗಳಿವೆ. ಆ ಬೋರ್ಡ್ ನೋಡಿ ಬಿಪಿಯವರು ನೆಮ್ಮದಿಯಾಗಿ ಕುಳಿತು ಒಂದು ಬಟ್ಟಲು ಮಂಚೋ ಸೂಪು, ಒಂದು ಪ್ಲೇಟ್ ಶೆಜ್ವಾನ್ ನೂಡಲ್ಸ್ ಖಾಲಿ ಮಾಡುತ್ತಾರೆ. ನನಗೆ ಕೋಪ ಬರುವುದು ಇಲ್ಲೇ.

ದಿನಕ್ಕೆ ಎಷ್ಟು ಉಪ್ಪು ಸಾಕು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ. ತಲೆ ತಟ್ಟಿದ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಸೋಡಿಯಂ ಲೆಕ್ಕದಲ್ಲಿ 2000 ಮಿಲಿಗ್ರಾಂ. ಇದರಲ್ಲಿ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಸಾರು, ಉಪ್ಪಿನಕಾಯಿ, ಸಂಜೆಯ ಖಾರ ಎಲ್ಲವೂ ಸೇರಿತು. ನಾವು ಮನೆಯಲ್ಲೇ ಈ ಗೆರೆ ದಾಟಿರುತ್ತೇವೆ. ಆಮೇಲೆ ಹೋಟೆಲು.

ಸೋಯಾ ಸಾಸ್ ಒಂದು ದೊಡ್ಡ ಚಮಚ, ಅಂದರೆ 15 ಎಂಎಲ್, ಸುಮಾರು 900 ಮಿಲಿಗ್ರಾಂ ಸೋಡಿಯಂ. ದಿನದ ಪಾಲಿನಲ್ಲಿ ಹತ್ತಿರ ಹತ್ತಿರ ಅರ್ಧ. ಚೈನೀಸ್ ಬಾಣಲೆಯ ಪಕ್ಕದಲ್ಲಿ ನಿಂತು ನೋಡಿದ್ದೀರಾ? ಮೊದಲು ಒಂದು ಸೌಟು ಎಣ್ಣೆ. ಬೆಳ್ಳುಳ್ಳಿ, ಶುಂಠಿ, ಈರುಳ್ಳಿ. ತರಕಾರಿ ಬಿದ್ದ ಕೂಡಲೇ ಉಪ್ಪು. ಆಮೇಲೆ ಸೋಯಾ ಸಾಸ್. ಆಮೇಲೆ ಗ್ರೀನ್ ಚಿಲ್ಲಿ ಸಾಸ್, ರೆಡ್ ಚಿಲ್ಲಿ ಸಾಸ್, ಕೆಲವು ಕಡೆ ಟೊಮೆಟೊ ಸಾಸ್. ಶೆಜ್ವಾನ್ ಎಂದು ಹೇಳಿದ್ದರೆ ಅದರ ಚಟ್ನಿ. ಪ್ರತಿಯೊಂದರಲ್ಲೂ ಉಪ್ಪಿದೆ. ನಾಲಿಗೆಗೆ ಅದು ಉಪ್ಪು ಎಂದು ತಿಳಿಯುವುದಿಲ್ಲ, ಏಕೆಂದರೆ ವಿನೆಗರ್ ಹುಳಿ, ಸಾಸ್‌ನ ಸಕ್ಕರೆ, ಮೆಣಸಿನ ಖಾರ ಎಲ್ಲ ಸೇರಿ ಅದನ್ನು ಮುಚ್ಚಿಹಾಕುತ್ತವೆ. ಒಂದು ಪ್ಲೇಟ್ ನೂಡಲ್ಸಿಗೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಅರ್ಧ ಟೀ ಚಮಚ ಉಪ್ಪು ಬಿತ್ತು ಎಂದೇ ಇಟ್ಟುಕೊಳ್ಳಿ. ಅಲ್ಲಿಗೇ 1900 ಮಿಲಿಗ್ರಾಂ ದಾಟುತ್ತದೆ. ಉಳಿದ ಸಾಸುಗಳನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಸೂಪಿನ ಬಗ್ಗೆ ಬೇರೆಯಾಗಿ ಹೇಳಬೇಕು. ಸೂಪ್ ಎಂದರೆ ಡಯಟ್ ಎಂದು ಬಹಳ ಜನ ನಂಬಿದ್ದಾರೆ. ಹೊಟ್ಟೆ ತುಂಬಿಸುತ್ತದೆ, ಕ್ಯಾಲೊರಿ ಕಮ್ಮಿ, ಅದೆಲ್ಲ ಸರಿ. ಆದರೆ ಹಾಟ್ ಅಂಡ್ ಸೋರ್, ಮಂಚೋ ಇವೆರಡೂ ಉಪ್ಪಿನ ನೀರೇ. ಅಮೆರಿಕದ ಹೋಟೆಲುಗಳ ಹಾಟ್ ಅಂಡ್ ಸೋರ್ ಸೂಪನ್ನು ಅಳೆದ ಪಟ್ಟಿಯಲ್ಲಿ ಒಂದು ಕಪ್ಪಿಗೆ 850 ಮಿಲಿಗ್ರಾಂ ಮೀರಿ ಸೋಡಿಯಂ ಇದೆ. ನಮ್ಮ ಹೋಟೆಲಿನ ಬಟ್ಟಲು ಅದಕ್ಕಿಂತ ದೊಡ್ಡದು. ಮಂಚೋ ಮೇಲೆ ಕರಿದ ನೂಡಲ್ಸ್ ಬೇರೆ. ಯಜಮಾನರಿಗೆ ಸೂಪ್ ಬೇಕೇ ಬೇಕು ಎಂದರೆ ಲೆಮನ್ ಕೊರಿಯಾಂಡರ್ ಅಥವಾ ವೆಜ್ ಕ್ಲಿಯರ್ ಸೂಪ್ ಹೇಳಿ, ಒನ್ ಬೈ ಟೂ ಮಾಡಿಸಿ. ಅದಕ್ಕೆ ಸೋಯಾ ಸಾಸ್ ಬೀಳುವುದು ಕಮ್ಮಿ, ಕಾರ್ನ್‌ಫ್ಲೋರ್ ಕೂಡ ಕಮ್ಮಿ. ಟೇಬಲ್ ಮೇಲಿನ ಸಾಸ್ ಬಾಟಲಿಯನ್ನು ಅವರ ಕೈಗೆ ಎಟುಕದ ಕಡೆ ಸರಿಸಿಬಿಡಿ. ಹೆಂಡತಿಯರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. ಉಪ್ಪು ಕಮ್ಮಿ ಮಾಡಬೇಕು ಎಂದು ಮನೆಗೆ 'ಲೋ ಸೋಡಿಯಂ' ಉಪ್ಪು ತಂದು ಬಳಸಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಸೇರಿಸಿರುತ್ತಾರೆ. ಟೆಲ್ಮಿಸಾರ್ಟನ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ ರಕ್ತದ ಪೊಟ್ಯಾಶಿಯಂ ಏರಿಬಿಡಬಹುದು. ಅದು ಹೃದಯದ ಬಡಿತಕ್ಕೇ ಅಪಾಯ. ನಿಮ್ಮ ಮನೆಯಲ್ಲಿ ಇಬ್ಬರೂ ಇದ್ದಾರೆ. ಡಾಕ್ಟರನ್ನು ಕೇಳದೆ ಆ ಪ್ಯಾಕೆಟ್ ಮುಟ್ಟಬೇಡಿ. ಹಾಗೆಯೇ ಹೋಟೆಲಿಗೆ ಹೋಗುತ್ತೇವೆ ಎಂದು ಬಿಪಿ ಮಾತ್ರೆ ಒಂದು ಜಾಸ್ತಿ ನುಂಗುವವರನ್ನೂ ನೋಡಿದ್ದೇನೆ. ಅದು ಬೇಡ.

ಉಪ್ಪು ಕಮ್ಮಿ ಮಾಡಿಸುವುದು ಹೇಗೆ? ಹೋಟೆಲಿನವರಿಗೆ ಏನು ಬದಲಾಯಿಸಲು ಆಗುತ್ತದೆ, ಏನು ಆಗುವುದಿಲ್ಲ ಎಂದು ಮೊದಲು ತಿಳಿದುಕೊಳ್ಳಿ. ನೂಡಲ್ಸ್, ಫ್ರೈಡ್ ರೈಸ್, ತರಕಾರಿಯ ಸ್ಟರ್ ಫ್ರೈ ಇವೆಲ್ಲ ನೀವು ಹೇಳಿದ ಮೇಲೆ ಬಾಣಲೆಗೆ ಬೀಳುತ್ತವೆ. ಅಲ್ಲಿ ನಿಮ್ಮ ಮಾತು ನಡೆಯುತ್ತದೆ. ಗೋಬಿ, ಚಿಲ್ಲಿ ಚಿಕನ್, ಡ್ರ್ಯಾಗನ್ ಚಿಕನ್ ಹಾಗಲ್ಲ. ಅವುಗಳಿಗೆ ಮಸಾಲೆ, ಉಪ್ಪು ಕಲಸಿ, ಒಂದು ಸುತ್ತು ಕರಿದು ಇಟ್ಟಿರುವುದೇ ಜಾಸ್ತಿ. ನೀವು ಆರ್ಡರ್ ಕೊಟ್ಟಾಗ ಮತ್ತೊಮ್ಮೆ ಕರಿದು ಸಾಸ್‌ನಲ್ಲಿ ಹೊರಳಿಸುತ್ತಾರೆ. ಅದರ ಉಪ್ಪನ್ನು ಯಾರೂ ತೆಗೆಯಲಾರರು.

ಸಪ್ಲೈಯರ್ ಹತ್ತಿರ 'ಹೆಲ್ದಿಯಾಗಿ ಮಾಡಿ' ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ. 'ಸೋಯಾ ಸಾಸ್ ಅರ್ಧ ಹಾಕಿ, ಬೇರೆ ಉಪ್ಪು ಹಾಕಲೇಬೇಡಿ, ಎಣ್ಣೆ ಕಮ್ಮಿ, ತರಕಾರಿ ಜಾಸ್ತಿ' ಎಂದು ಬಿಡಿಸಿ ಹೇಳಿ. ನಮ್ಮ ಚೈನೀಸ್ ಅಡುಗೆಮನೆಗಳಲ್ಲಿ ನೇಪಾಳ, ಡಾರ್ಜಿಲಿಂಗ್, ಈಶಾನ್ಯ ರಾಜ್ಯಗಳ ಹುಡುಗರು ಜಾಸ್ತಿ. ಕನ್ನಡದ ವಿವರಣೆ ಅಲ್ಲಿಗೆ ತಲುಪುವ ಹೊತ್ತಿಗೆ ಅರ್ಧ ಉದುರಿಹೋಗಿರುತ್ತದೆ. 'ನೋ ಸಾಲ್ಟ್, ಹಾಫ್ ಸೋಯಾ' ಎಂದು ಚೀಟಿಯಲ್ಲೇ ಬರೆಸಿ. ಭಾನುವಾರ ರಾತ್ರಿ ಎಂಟೂವರೆಯ ರಶ್‌ನಲ್ಲಿ ಯಾರೂ ಚೀಟಿ ನೋಡುವುದಿಲ್ಲ. ಏಳು ಗಂಟೆಗೇ ಹೋಗಿ ಕುಳಿತರೆ ಕೇಳಿದ್ದನ್ನು ಮಾಡಿಕೊಡುತ್ತಾರೆ. ಮಂಡ್ಯಕ್ಕೆ ವಾಪಸ್ ಹೋಗಬೇಕಾದ ನಿಮಗೂ ಅದೇ ಒಳ್ಳೆಯದು.

ಅವತ್ತು ಮಧ್ಯಾಹ್ನದ ಊಟವೂ ಮುಖ್ಯ. ಸಂಜೆ ಚೈನೀಸ್ ಇದ್ದರೆ ಮಧ್ಯಾಹ್ನ ಮನೆಯಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ ಸಾಕು. ಬಸ್ಸಾರಿಗೆ ಉಪ್ಪು ಹಿಡಿದು ಹಾಕಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅವತ್ತು ಬೇಡ. ಉಪ್ಸಾರು ಮಾಡುವ ದಿನ ಚೈನೀಸ್ ಇಟ್ಟುಕೊಳ್ಳಬೇಡಿ. ಮಂಡ್ಯದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕರಿದದ್ದು. ಗೋಬಿ ಮಂಚೂರಿ ಚೀನಾದಲ್ಲಿಲ್ಲ. ಕೋಲ್ಕತ್ತದ ಹಕ್ಕಾ ಚೀನಿಯರು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡ ಅಡುಗೆಯ ಸಂತಾನ ಇದು. ಆ ಊರಲ್ಲೇ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಆಮೇಲೆ ಬಂತು. ಚೀನಿ ಮನೆಯ ಊಟ ಬೇರೆಯೇ ಥರ. ನಡುವೆ ಸಾದಾ ಅನ್ನ, ಸುತ್ತ ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಹಬೆಯಲ್ಲಿ ಬೆಂದ ಮೀನು, ತೋಫು, ತೆಳ್ಳನೆಯ ಸೂಪು. ಅವರೇನು ಉಪ್ಪು ಕಮ್ಮಿ ತಿನ್ನುವವರಲ್ಲ, ಜಗತ್ತಿನಲ್ಲೇ ಜಾಸ್ತಿ ಉಪ್ಪು ತಿನ್ನುವವರ ಸಾಲಿನಲ್ಲಿ ಇದ್ದಾರೆ. ಆದರೆ ದಿನಾ ಕರಿದದ್ದನ್ನು ಸಾಸ್‌ನಲ್ಲಿ ಮುಳುಗಿಸಿ ತಿನ್ನುವುದಿಲ್ಲ.

ಹೂಕೋಸು 100 ಗ್ರಾಂ ತಿಂದರೆ ಬರೀ 25 ಕ್ಯಾಲೊರಿ. ಶುಗರ್ ಬಾಗಿಲಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ತರಕಾರಿ ಕಮ್ಮಿ. ಅದಕ್ಕೆ ಮೈದಾ, ಕಾರ್ನ್‌ಫ್ಲೋರ್ ಹಿಟ್ಟು ಬಳಿದು ಎರಡು ಸಲ ಕರಿದಾಗ ಹಿಟ್ಟು ಸ್ಪಂಜಿನ ಹಾಗೆ ಎಣ್ಣೆ ಹೀರುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲೊರಿ. ಗ್ರೇವಿ ಗಟ್ಟಿಯಾಗಲು ಮತ್ತೆ ಕಾರ್ನ್‌ಫ್ಲೋರ್. ಕೊನೆಗೆ ತಟ್ಟೆಯಲ್ಲಿ ಹೂಕೋಸು ಹುಡುಕಬೇಕು. ಕೆಲವು ಗಾಡಿಗಳಲ್ಲಿ ಹುಡುಕಿದರೂ ಸಿಗುವುದಿಲ್ಲ, ಎಲೆಕೋಸು ಸಿಗುತ್ತದೆ.

ಬಣ್ಣದ ವಿಷಯ ನಿಮಗೆ ನೆನಪಿರಬಹುದು. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಥರದ ಬಣ್ಣ ಸಿಕ್ಕಿತ್ತು. ತಪ್ಪಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಆರೋಗ್ಯ ಸಚಿವರು ಹೇಳಿದ್ದರು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಇದೇ ನಿಷೇಧ ಬಂತು. ಈಗ ಎಷ್ಟೋ ಗಾಡಿಗಳ ಗೋಬಿ ಕಂದು ಬಣ್ಣಕ್ಕೆ ತಿರುಗಿದೆ. ಒಳ್ಳೆಯದೇ ಆಯಿತು. ಇನ್ನೂ ಕೆಂಪಗೆ ಹೊಳೆಯುವುದು ಸಿಕ್ಕರೆ ಒಂದು ತುಂಡನ್ನು ನೀರಿನ ಲೋಟಕ್ಕೆ ಹಾಕಿ ನೋಡಿ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಿಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ನೀರು ತಕ್ಷಣ ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅನುಮಾನ ಪಡಿ. ಲ್ಯಾಬಿನ ಪರೀಕ್ಷೆಯಷ್ಟು ನಿಖರವಲ್ಲ, ಆದರೆ ಮಕ್ಕಳ ಮುಂದೆ ಮಾಡಿ ತೋರಿಸಿದರೆ ನಿಮ್ಮ ಹತ್ತು ಮಾತಿನ ಕೆಲಸ ಅದು ಮಾಡುತ್ತದೆ.

ಎಣ್ಣೆಯದ್ದು ಇನ್ನೊಂದು ತಕರಾರು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಯಂತ್ರ ನಮ್ಮ ಹತ್ತಿರ ಇಲ್ಲ. ಮೂಗು ಇದೆ. ಎಣ್ಣೆ ಕಪ್ಪಗಾಗಿ ನೊರೆ ಬರುತ್ತಿದ್ದರೆ, ಬಾಗಿಲಲ್ಲೇ ಕಮಟು ವಾಸನೆ ಹೊಡೆದರೆ ಅಲ್ಲಿ ಕರಿದದ್ದು ಬೇಡ.

ಮಕ್ಕಳ ವಿಷಯದಲ್ಲಿ ನನಗೆ ಭಾನುವಾರದ ಹೋಟೆಲಿನ ಚಿಂತೆ ಇಲ್ಲ. ಓಡಾಡುವ ವಯಸ್ಸು, ತಿನ್ನಲಿ. ಮಗನಿಗೆ ಟ್ಯೂಷನ್ ಬಿಟ್ಟ ಮೇಲೆ ಗಾಡಿ ಹತ್ತಿರ ವಾರಕ್ಕೆ ಎಷ್ಟು ದಿನ ಗೋಬಿ, ಎಷ್ಟು ದಿನ ಎಗ್ ರೈಸ್ ಎಂದು ಜಗಳವಿಲ್ಲದೆ ಕೇಳಿ. ಮೂರು ನಾಲ್ಕು ದಿನ ಎಂದರೆ ಕಮ್ಮಿ ಮಾಡಬೇಕಾದದ್ದು ಅದನ್ನು. ಮನೆಯಿಂದ ಎರಡು ಬೇಯಿಸಿದ ಮೊಟ್ಟೆಯೋ, ಕಡಲೆಕಾಯಿಯೋ ಡಬ್ಬಿಗೆ ಹಾಕಿ ಕಳಿಸಿದರೆ ಟ್ಯೂಷನ್ ಬಿಡುವ ಹೊತ್ತಿಗೆ ಅಷ್ಟು ಹಸಿವಿರುವುದಿಲ್ಲ. ಬೈಯುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಶುಗರ್ ವಿಷಯಕ್ಕೆ ಬರುತ್ತೇನೆ. 5.7ರಿಂದ 6.4ರವರೆಗಿನ ಎಚ್‌ಬಿಎ1ಸಿಯನ್ನು ಶುಗರ್‌ನ ಹಿಂದಿನ ಮೆಟ್ಟಿಲು ಎನ್ನುತ್ತಾರೆ. ಅಲ್ಲಿಂದ ವಾಪಸ್ ಇಳಿಯಲು ಆಗುತ್ತದೆ. ಚೈನೀಸ್ ಹೋಟೆಲಿನಲ್ಲಿ ನಾವು ಮಾಡುವ ತಪ್ಪು ಎಂದರೆ ಪ್ರತಿಯೊಬ್ಬರಿಗೂ ಒಂದೊಂದು ಪ್ಲೇಟ್ ರೈಸೋ ನೂಡಲ್ಸೋ ಹೇಳುವುದು. ಅದೇ ಊಟ, ಉಳಿದದ್ದು ನೆಂಚಿಕೊಳ್ಳಲು ಎಂಬ ಲೆಕ್ಕ. ಬೇಯಿಸಿದ ಅನ್ನ ಒಂದು ಕಪ್ಪಿನಲ್ಲಿ ಸುಮಾರು 45 ಗ್ರಾಂ ಪಿಷ್ಟ ಇರುತ್ತದೆ. ಹೋಟೆಲಿನ ಒಂದು ಪ್ಲೇಟ್ ಫ್ರೈಡ್ ರೈಸ್ ಎರಡು ಕಪ್ಪಿಗೆ ಕಮ್ಮಿ ಇರುವುದಿಲ್ಲ. ಅದರ ಜೊತೆ ಮೈದಾ ಹಿಟ್ಟಿನ ಗೋಬಿ, ಕಾರ್ನ್‌ಫ್ಲೋರ್ ಗ್ರೇವಿ, ಸ್ವೀಟ್ ಕಾರ್ನ್ ಸೂಪ್. ಎಲ್ಲವೂ ಪಿಷ್ಟವೇ. ಮೇಲೆ ಒಂದು ಕೋಲಾ ಕುಡಿದರೆ 300 ಎಂಎಲ್‌ಗೆ 30 ಗ್ರಾಂ ದಾಟುವಷ್ಟು ಸಕ್ಕರೆ. ಕೋಲಾ ಬದಲು ಫ್ರೆಶ್ ಲೈಮ್ ಸೋಡಾ ಹೇಳುವವರು 'ಸಾಲ್ಟ್' ಎನ್ನುತ್ತಾರೆ. ಯಜಮಾನರಿಗೆ ಅದೂ ಬೇಡ, 'ಪ್ಲೇನ್' ಎನ್ನಿ.

ನೀವು ಐದು ಜನ. ನಾನು ನಿಮ್ಮ ಟೇಬಲ್‌ನಲ್ಲಿ ಕುಳಿತಿದ್ದರೆ ಏನು ಹೇಳುತ್ತಿದ್ದೆ ಎಂದರೆ, ಮಕ್ಕಳ ಇಷ್ಟದ ಸ್ಟಾರ್ಟರ್ ಒಂದೇ ಪ್ಲೇಟ್. ಗೋಬಿಯೋ ಚಿಲ್ಲಿ ಚಿಕನ್ನೋ ಅವರೇ ತೀರ್ಮಾನ ಮಾಡಲಿ, ಆದರೆ ಗ್ರೇವಿ ಬೇಡ, ಡ್ರೈ. ದೊಡ್ಡವರಿಗೆ ಎರಡೆರಡು ತುಂಡು. ಆಮೇಲೆ ಬೆಳ್ಳುಳ್ಳಿ ಹಾಕಿದ ಸ್ಟರ್ ಫ್ರೈ ತರಕಾರಿ ಎರಡು ಪ್ಲೇಟ್. ಬ್ರೊಕೊಲಿ, ಬೀನ್ಸ್, ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಬೇಬಿ ಕಾರ್ನ್, ಅಣಬೆ ಏನಿದೆಯೋ ಅದು. ಒಂದರಲ್ಲಿ ಕರಿಯದ ಪನೀರ್ ಅಥವಾ ತೋಫು ಸೇರಿಸಲು ಹೇಳಿ. ಕೋಳಿ ಬೇಕಾದರೆ ಜಿಂಜರ್ ಚಿಕನ್ ಅಥವಾ ಗಾರ್ಲಿಕ್ ಚಿಕನ್ ಒಂದು. ಹೆಸರು ಸಾತ್ವಿಕವಾಗಿದ್ದರೂ ಬಹಳ ಕಡೆ ಇದನ್ನೂ ಕರಿದೇ ಮಾಡುತ್ತಾರೆ. 'ಹಿಟ್ಟು ಹಚ್ಚದೆ, ಕರಿಯದೆ ಮಾಡುತ್ತೀರಾ?' ಎಂದು ಕೇಳಿ. ಆಗಲ್ಲ ಎಂದರೆ ಬಿಡಿ. ಕೊನೆಗೆ ಒಂದು ಪ್ಲೇಟ್ ಹಕ್ಕಾ ನೂಡಲ್ಸ್, ಒಂದು ಪ್ಲೇಟ್ ಸಾದಾ ಸ್ಟೀಮ್ಡ್ ರೈಸ್, ಐದೂ ಜನಕ್ಕೆ ಸೇರಿ. ಮಗನಿಗೆ ಸಾಲದಿದ್ದರೆ ಇನ್ನೊಂದು ಹೇಳಲಿ. ಚೈನೀಸ್ ಹೋಟೆಲಿನಲ್ಲಿ ಸಾದಾ ಅನ್ನ ಹೇಳಲು ಜನಕ್ಕೆ ನಾಚಿಕೆ. ದುಡ್ಡು ಕೊಟ್ಟು ಮನೆ ಅನ್ನ ತಿನ್ನುವುದಾ ಎನ್ನುತ್ತಾರೆ. ಆದರೆ ಅದೊಂದರಲ್ಲೇ ಉಪ್ಪಿಲ್ಲ, ಎಣ್ಣೆ ಇಲ್ಲ. ತರಕಾರಿಯ ಜೊತೆ ಕಲಸಿ ತಿಂದರೆ ಅದರ ಉಪ್ಪೇ ಅನ್ನಕ್ಕೂ ಸಾಕಾಗುತ್ತದೆ.

ಯಜಮಾನರು ಮೊದಲು ತರಕಾರಿ, ಪನೀರ್ ಅಥವಾ ಕೋಳಿ ತಿನ್ನಲಿ. ಅನ್ನ, ನೂಡಲ್ಸ್ ಕೊನೆಗೆ. ಇದೇ ಊಟವನ್ನು ಈ ಕ್ರಮದಲ್ಲಿ ತಿಂದಾಗ ಊಟದ ನಂತರದ ಶುಗರ್ ಕಮ್ಮಿ ಏರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಪುಕ್ಕಟೆ ಉಪಾಯ. ನೂಡಲ್ಸ್ ತಿಂದರೆ ಶುಗರ್ ಏರುವುದಿಲ್ಲ ಎಂದು ಅನ್ನ ಬಿಟ್ಟು ಅದನ್ನೇ ಎರಡು ಪ್ಲೇಟ್ ತಿನ್ನುವವರಿದ್ದಾರೆ. ನೂಡಲ್ಸ್ ಮೈದಾದ್ದು, ಅಂಟಿಕೊಳ್ಳದಿರಲು ಎಣ್ಣೆ ಸವರಿದ್ದು. ಅನ್ನಕ್ಕಿಂತ ಮೇಲೇನಲ್ಲ. ತಟ್ಟೆ ಖಾಲಿಯಾದಾಗ ತಳದಲ್ಲಿ ಉಳಿದ ಸಾಸನ್ನು ಚಮಚದಲ್ಲಿ ಬಳಿದು ತಿನ್ನಬೇಡಿ, ಅದರಲ್ಲೇ ಉಪ್ಪು ಕೂತಿರುತ್ತದೆ.

ಮೊಮೊ ಬಗ್ಗೆ ನೀವು ಕೇಳಿಲ್ಲ, ಆದರೆ ಮಕ್ಕಳು ಕೇಳೇ ಕೇಳುತ್ತಾರೆ. ಬೈಲಕುಪ್ಪೆಯ ಟಿಬೆಟನ್ನರು ಹತ್ತಿರದಲ್ಲೇ ಇರುವುದರಿಂದ ಮೊಮೊ, ತುಕ್ಪಾ ನಮ್ಮ ಮೈಸೂರು ಕಡೆಯವರಿಗೆ ಹೊಸದಲ್ಲ. ಚೈನೀಸ್ ಮೆನುವಿನಲ್ಲೇ ಸಿಗುತ್ತವೆ. ಹಬೆಯಲ್ಲಿ ಬೆಂದ ಮೊಮೊ ಗೋಬಿಗಿಂತ ಎಷ್ಟೋ ವಾಸಿ. ಹೊರಗಿನ ಪದರ ಮೈದಾದ್ದೇ, ಹಾಗಾಗಿ ಯಜಮಾನರಿಗೆ ನಾಲ್ಕು ಸಾಕು. ಕೆಂಪು ಚಟ್ನಿಯನ್ನು ಅದ್ದದೆ ತಾಗಿಸಿ ತಿನ್ನಿ. ತುಕ್ಪಾದಲ್ಲಿ ನೂಡಲ್ಸ್, ತರಕಾರಿ ತಿಂದು ನೀರು ಬಿಡಿ. ಫ್ರೈಡ್ ಮೊಮೊ, ತಂದೂರಿ ಮೊಮೊ ಎಂದೆಲ್ಲ ಬಂದಿವೆ. ಒಳ್ಳೆಯ ಪದಾರ್ಥವನ್ನು ಸುಮ್ನೆ ಕೆಡಿಸಿದ್ದಾರೆ ಎನ್ನುವುದು ನನ್ನ ಅಭಿಪ್ರಾಯ.

ಉಳಿದದ್ದನ್ನು ಪಾರ್ಸೆಲ್ ಕಟ್ಟಿಸುತ್ತೀರಿ, ಅಲ್ವಾ? ಮೈಸೂರಿನಿಂದ ಮಂಡ್ಯಕ್ಕೆ ಸುಮಾರು ಒಂದು ಗಂಟೆ ದಾರಿ. ಅಷ್ಟರಲ್ಲಿ ಏನೂ ಆಗುವುದಿಲ್ಲ. ಮನೆ ತಲುಪಿದ ಕೂಡಲೇ ಫ್ರಿಜ್‌ಗೆ ಇಡಿ. ರಾತ್ರಿಯಿಡೀ ಅಡುಗೆಮನೆ ಕಟ್ಟೆ ಮೇಲಿಟ್ಟ ಫ್ರೈಡ್ ರೈಸನ್ನು ಬೆಳಿಗ್ಗೆ ಬಿಸಿ ಮಾಡಿ ಡಬ್ಬಿಗೆ ಹಾಕಬೇಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಹೊರಗೆ ಬಹಳ ಹೊತ್ತು ಇದ್ದರೆ ಬೆಳೆದು ವಿಷ ಬಿಡುತ್ತವೆ. ಆ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ. ರಾತ್ರಿ ಹೊರಗೆ ಉಳಿದ ಅನ್ನದ ಚಿತ್ರಾನ್ನಕ್ಕೂ ಇದೇ ಮಾತು. ಫ್ರಿಜ್‌ನಲ್ಲಿಟ್ಟದ್ದನ್ನು ಮಾರನೇ ದಿನ ಒಂದೇ ಸಲ, ಹೊಗೆಯಾಡುವಷ್ಟು ಬಿಸಿ ಮಾಡಿ ತಿಂದು ಮುಗಿಸಿ.

ಕೊನೆಗೆ ಅತ್ತೆಯವರು. ಅವರಿಗೆ ಎರಡು ಚಿಂತೆ. ಮಾಂಸ ಸೋಕಬಾರದು, ಕಿಡ್ನಿಗೆ ತೊಂದರೆಯಾಗಬಾರದು. ವೆಜ್ ಎಂದು ಬರೆದಿದ್ದರೂ ಕೆಲವು ಕಡೆ ಸೂಪಿಗೆ ಕೋಳಿಯ ಸ್ಟಾಕ್ ಬಿದ್ದಿರುತ್ತದೆ. ಆಯ್ಸ್ಟರ್ ಸಾಸ್ ಚಿಪ್ಪಿನದ್ದು, ಫಿಶ್ ಸಾಸ್ ಮೀನಿನದ್ದು. ಕೆಲವು ನೂಡಲ್ಸಿನ ಹಿಟ್ಟಿಗೇ ಮೊಟ್ಟೆ ಕಲಸಿರುತ್ತಾರೆ. ಎಗ್ ರೈಸ್ ಮಾಡಿದ ಬಾಣಲೆಯನ್ನೇ ಒಂದು ಸಲ ತೊಳೆದು ವೆಜ್ ರೈಸ್ ಮಾಡುವುದು ಮಾಮೂಲಿ. ಇದು ಅವರ ಮನಸ್ಸಿಗೆ ನೋವಾಗುವ ವಿಷಯವಾದರೆ ಅಂಥ ಭಾನುವಾರ ಶುದ್ಧ ಸಸ್ಯಾಹಾರಿ ಹೋಟೆಲಿಗೇ ಹೋಗಿ. ಅಲ್ಲೂ ಈಗ ಚೈನೀಸ್ ಸಿಗುತ್ತದೆ, ಮಕ್ಕಳು ಸ್ವಲ್ಪ ಮುಖ ಊದಿಸಿಕೊಂಡರೂ ತಿನ್ನುತ್ತಾರೆ.

ಕಿಡ್ನಿಗೆ ಬೇಡದ್ದು ಮೊದಲು ಉಪ್ಪು. ಅವರಿಗೆ ಸೂಪ್ ಬೇಡ. ಸಾದಾ ಅನ್ನ, ಜೊತೆಗೆ ಸೋಯಾ ಸಾಸ್ ಇಲ್ಲದೆ ಬೆಳ್ಳುಳ್ಳಿ, ಮೆಣಸಿನ ಪುಡಿ, ನಿಂಬೆರಸ ಹಾಕಿ ಬಾಡಿಸಿದ ತರಕಾರಿ. ಹೂಕೋಸು, ಬೀನ್ಸ್, ಎಲೆಕೋಸು, ದಪ್ಪ ಮೆಣಸಿನಕಾಯಿ ಸಾಮಾನ್ಯವಾಗಿ ಸರಿಹೋಗುತ್ತವೆ. ಅಣಬೆ, ಆಲೂಗಡ್ಡೆಯಲ್ಲಿ ಪೊಟ್ಯಾಶಿಯಂ ಜಾಸ್ತಿ. ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ ಏರಿದೆ ಎಂದು ಡಾಕ್ಟರು ಹೇಳಿದ್ದರೆ ಅವೆರಡನ್ನು ಬಿಡಿ. ಪನೀರ್, ತೋಫು ಎಷ್ಟು ತಿನ್ನಬಹುದು ಎಂಬುದು ಅವರ ಕ್ರಿಯಾಟಿನಿನ್, ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ, ನೋಡಿ ತೀರ್ಮಾನವಾಗಬೇಕು. ಮುಂದಿನ ಸಲ ತೋರಿಸಲು ಹೋದಾಗ ಕೇಳಿ. ಹೋಟೆಲಿಗೆ ಹೋಗಿಬಂದ ಮರುದಿನ ಕಾಲು ಊದಿಕೊಂಡರೆ, ಉಸಿರು ಕಟ್ಟಿದ ಹಾಗಾದರೆ, ಒಂದೇ ದಿನಕ್ಕೆ ಒಂದು ಕೆಜಿಗಿಂತ ಜಾಸ್ತಿ ತೂಕ ಏರಿದರೆ ಊಟದ ಭಾರ ಎಂದು ಸುಮ್ಮನಿರಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.